ಕೆರೆ ಕುಡಿದವರಿಗೆ ಸನ್ಮಾನ

ಆಗಿನ್ನೂ ಶ್ರೀರಾಂಪುರದ ಮನೆಗಳು ಮುಗಿಯುವಲ್ಲಿ ಗದ್ದೆಗಳು ಶುರುವಾಗುತ್ತಿದ್ದವು. ಗದ್ದೆಗಳಾಚೆ ನಮ್ಮ ಕೆರೆ. ತಾತ ತೀರಿಕೊಂಡ ಮೇಲೆ ನೀರುಗಂಟಿಯ ಕೆಲಸ ನನ್ನ ಅಜ್ಜಿ ಮಾದಮ್ಮನದಾಗಿತ್ತು: ತೂಬು ಎತ್ತುವುದು, ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೂ ನೀರು ಬಿಡುವುದು. ಶಾಲೆ ಬಿಟ್ಟೊಡನೆ ನಾನೂ ಅವಳ ಹಿಂದೆ. ಅವಳು ಕೆರೆಯಂಚಿನಲ್ಲಿ ಹೊನಗೊನೆ ಸೊಪ್ಪು ಕೊಯ್ಯುವಾಗ ನಾನು ಏರಿಯ ಮೇಲೆ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದೆ. ಸಂಜೆ ಆ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬೀದಿಯೆಲ್ಲ ಘಮ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಚನ್ನಪ್ಪ ಎಂಬ ದೊಡ್ಡ ರೈತ ಕೆರೆಯ ಮೇಲ್ದಂಡೆಯ ಹೊಲಕ್ಕೆಲ್ಲ ಬಾಳೆ ಹಾಕಿದ. ಸರದಿ ಕಾಯುವುದು ಅವನ ಘನತೆಗೆ ಒಗ್ಗಲಿಲ್ಲ. ಕೆರೆಗೇ ಮೋಟಾರ್ ಇಳಿಸಿದ. ಕರೆಂಟು ಪುಕ್ಕಟೆ, ನೀರು ಪುಕ್ಕಟೆ. ನಾಚಿಕೆ ಮಾತ್ರ ಅವನಿಗೆ ದುಬಾರಿಯಾಗಿತ್ತು. ಬಾಳೆಯ ಬುಡದಲ್ಲಿ ನೀರು ಮಡುಗಟ್ಟಿ ನಿಲ್ಲುವಂತೆ ಹಾಯಿಸುವುದು, ಮೇಲೆ ಯೂರಿಯಾ ಸುರಿಯುವುದು. ಹೆಚ್ಚಾಗಿ ಹರಿದದ್ದೆಲ್ಲ ಮತ್ತೆ ಕೆರೆಗೇ.

"ಮಂಡಿಯುದ್ದ ನೀರಾದ್ರೂ ಉಳುಸ್ಬೇಕು ಚನ್ನಪ್ನೋರೇ. ದನ ಕುಡೀಬೇಕು, ಮೀನು ಬದುಕ್ಬೇಕು. ಊರ ಬಾವಿಗೂ ಇದೇ ನೀರೇ ತಾನೆ?" ಎಂದಳು ಅಜ್ಜಿ.

"ಮೀನೇನು ನಂಗೆ ಗೊನೆ ಬುಡ್ತದಾ? ಓಗಮ್ಮೀ. ತೂಬೆತ್ತೋಳು ನಂಗೆ ಬೇಸಾಯ ಏಳ್ಕೊಡೋಕ್ ಬಂದ್ಬುಟ್ಲು!"

ಶಿವರಾತ್ರಿ ಕಳೆಯುವಷ್ಟರಲ್ಲಿ ಕೆರೆ ಹಸಿರು ಪಾಚಿಯ ಗುಂಡಿಯಾಯಿತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅದೇ ವಾರ ನಮ್ಮ ಶಾಲೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು: ಪ್ರಗತಿಪರ ರೈತ ಚನ್ನಪ್ಪನವರಿಗೆ ಸನ್ಮಾನ! ಸ್ವಾಗತಗೀತೆಗೆ ನಿಂತ ಆರು ಹುಡುಗಿಯರಲ್ಲಿ ನಾನೂ ಒಬ್ಬಳು. ಹಾಡಿನ ನಡುವೆಯೇ ಅಜ್ಜಿ ಮಂಕರಿ ಹೊತ್ತು ನೇರ ಒಳಗೆ ಬಂದಳು. ಅದರಲ್ಲಿದ್ದ ಸತ್ತ ಮೀನುಗಳನ್ನು ವೇದಿಕೆಯ ಮುಂದೆ ಸುರಿದಳು.

"ಇವೂ ಚನ್ನಪ್ನೋರ ಬೆಳೇನೇ ಸ್ವಾಮಿ. ಇವುಕ್ಕೂ ಒಂದೊಂದು ಹಾರ ಹಾಕ್ಬುಡಿ."

ಪೇಟ ತೊಡಿಸಲು ಎದ್ದಿದ್ದ ಅತಿಥಿ ಮಹಾಶಯ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಪೇಟ ತೊಡಿಸಿದ. ಜನ ಚಪ್ಪಾಳೆ ತಟ್ಟಿದರು. ತಟ್ಟಿದವರ ಬಾವಿಗಳೂ ಆಗಲೇ ತಳ ಕಂಡಿದ್ದವು. ಹಾಡು ನಿಲ್ಲಿಸಿದ್ದ ನಮ್ಮತ್ತ ಮೇಡಂ ಕಣ್ಣು ಬಿಟ್ಟರು. ನಾನು ಹಾಡು ಮುಂದುವರಿಸಿದೆ.

ಮರುದಿನ ಊರ ಯಜಮಾನರು ಬಂದು, ಇನ್ನು ತೂಬಿನ ಹತ್ತಿರ ಸುಳಿಯಬೇಡ ಎಂದರು.

"ಬುಡೋಕೆ ನೀರೇ ಇಲ್ಲ. ಯಾವ ತೂಬು ಕಾಯ್ಲಿ?" ಎಂದು ಅಜ್ಜಿ ಬಾಗಿಲು ಹಾಕಿಕೊಂಡಳು.

"ನಾನು ಹಾಡ್ಬಾರ್ದಾಗಿತ್ತು ಅಜ್ಜಿ" ಎಂದು ಅತ್ತುಬಿಟ್ಟೆ.

"ನೀನು ಕೂಸು ಕಣವ್ವ. ಚಪ್ಪಾಳೆ ತಟ್ಟಿದ ಆ ಕ್ವಾಣಗಳ್ಗೆ ಏನಾಗಿತ್ತು?"

ಎರಡೇ ವರ್ಷ. ಕೆರೆ ಬತ್ತಿದ ಮೇಲೆ ಕೊರೆಸಿದ ಕೊಳವೆಬಾವಿಗಳೂ ಒಂದೊಂದಾಗಿ ಕೈಕೊಟ್ಟವು, ಮಣ್ಣು ಉಪ್ಪೊಡೆದು ಬೆಳ್ಳಗಾಯಿತು. ಪ್ರಗತಿಪರ ರೈತ ಹೊಲವನ್ನು ಸೈಟು ಮಾಡಿ ಮಾರಿ, ಸಿಟಿಯ ಕೃಷ್ಣಮೂರ್ತಿಪುರಂನಲ್ಲಿ ಮನೆ ಕೊಂಡ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿದ್ದ.

"ನಮ್ ಕೆರೆ ಎಂಗಿತ್ತು ಅಲ್ವೇನಮ್ಮ! ಈಗಿನೋರ್ಗೆ ನೀರಿನ ಬೆಲೆ ಗೊತ್ತಿಲ್ಲ ಕಣಮ್ಮ" ಎಂದ.

"ನೀವೇ ಕುಡುದ್ಬುಟ್ರಲ್ಲ" ಎಂದೆ. ತಮಾಷೆಯೆಂದುಕೊಂಡು ಹೋ ಎಂದು ನಕ್ಕ. ನಾನು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದೆ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಆ ಕೆರೆಯ ಮೇಲೆಯೇ ಎದ್ದ ಬಡಾವಣೆಯಲ್ಲಿ ಈಗ ನನ್ನ ಬಾಡಿಗೆ ಮನೆ. ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತದೆ. ನನ್ನ ಮಗಳಿಗೂ ಕೆರೆ ಗೊತ್ತು. ಅವಳ ಮಟ್ಟಿಗೆ ಅದು ಶಾಲೆಯ ಬಸ್ಸು ನಿಲ್ಲುವ ಸ್ಟಾಪಿನ ಹೆಸರು.