ರಿಝಾನಾ ಅಳಿಸಲು ಬಿಡದ ಮೆಷಿನ್

ಉಚ್ಚಿಲದ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ನೀರು ಚೆಲ್ಲುತ್ತಾ ಹೋಗುವ ಹೊತ್ತು. ಬೆಳಗಿನ ನಮಾಜು ಮುಗಿಸಿದ ರಿಝಾನಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಾರೆ. ಪರದೆಯ ಮೇಲೆ ಹಸಿರು ಚುಕ್ಕೆಗಳ ಸಾಲು. ಅದರಲ್ಲೊಂದು ಹಳದಿಯಾಗುತ್ತದೆ, ಆರುತ್ತದೆ, ಇನ್ನೊಂದು ಮೂಲೆಯಲ್ಲಿ ಹಸಿರಾಗಿ ಏಳುತ್ತದೆ. ನೋಡುವವರಿಗೆ ಇದರಲ್ಲಿ ಎಂತ ಮಣ್ಣೂ ಕಾಣುವುದಿಲ್ಲ. ಆದರೆ ಹತ್ತಾರು ಊರುಗಳಲ್ಲಿ ಶಾಖೆಗಳಿರುವ ರಕ್ತಪರೀಕ್ಷೆಯ ಲ್ಯಾಬ್ ಒಂದರ ಇಡೀ ವರದಿ ವಿಭಾಗ ಈಗಷ್ಟೇ ಹಳೆಯ ಸರ್ವರಿನಿಂದ ಹೊಸದಕ್ಕೆ ದಾಟಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಸಾಲು ನಿಲ್ಲುವ ಮೊದಲೇ ಮುಗಿಯಬೇಕಾದ ಕೆಲಸ.

"ಯಾರಿಗೂ ಗೊತ್ತೇ ಆಗದಿದ್ದರೆ ಕೆಲಸ ಸರಿ ಆಯ್ತು ಅಂತ ಅರ್ಥ," ಎಂದು ನಗುತ್ತಾರೆ ರಿಝಾನಾ. ಪಾಪ, ಹಾಗಾಗಿಯೇ ಅವರನ್ನು ಯಾರೂ ಹೊಗಳಿದ್ದಿಲ್ಲ.

ಮಣಿಪಾಲದ ಕಂಪನಿಯೊಂದರ ಕ್ಲೌಡ್ ವಿಭಾಗದಲ್ಲಿ ಇಂಜಿನಿಯರ್ ಅವರು. ವಾರದಲ್ಲಿ ಮೂರು ದಿನ ಬಸ್ಸು, ಉಳಿದ ದಿನ ಇದೇ ಮೇಜು. ಮುನ್ನೂರು ಚಿಲ್ಲರೆ ವರ್ಚುವಲ್ ಮೆಷಿನ್‌ಗಳು ಅವರ ತಂಡದ ಸುಪರ್ದಿಯಲ್ಲಿವೆ. ಒಂದೇ ದೊಡ್ಡ ಕಂಪ್ಯೂಟರನ್ನು ಬಾಡಿಗೆ ಕೋಣೆಗಳ ಹಾಗೆ ವಿಭಾಗಿಸಿದರೆ ಒಂದೊಂದು ಕೋಣೆಯೂ ಒಂದು ವರ್ಚುವಲ್ ಮೆಷಿನ್. ಕಂಟೇನರ್ ಅಂದರೆ ಬುತ್ತಿ; ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಹೊರಟ ತಂತ್ರಾಂಶ, ಎಲ್ಲಿ ಬಿಚ್ಚಿದರೂ ಊಟ ರೆಡಿ. ಇಂಥ ಬುತ್ತಿಗಳನ್ನು ಒಂದು ಗುಂಪು ಯಂತ್ರಗಳಿಗೆ ಹಂಚಿ, ಒಂದು ಯಂತ್ರ ಕೈಕೊಟ್ಟರೆ ಇನ್ನೊಂದು ಎತ್ತಿಕೊಳ್ಳುವ ಹಾಗೆ ನೋಡಿಕೊಳ್ಳುವುದೇ ಕ್ಲಸ್ಟರ್ ನಿರ್ವಹಣೆ. ಅತ್ತೆ ರುಕಿಯಮ್ಮನಿಗೆ ಇದೆಲ್ಲ ತಮಾಷೆ. ಮುನ್ನೂರು ಮೆಷಿನ್ ನೋಡಿಕೊಳ್ಳುವ ಸೊಸೆ ಮನೆಯ ಮಿಕ್ಸಿ ಕೆಟ್ಟರೆ ಕಾಪುವಿನ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾಳಲ್ಲ ಎಂದು ಬಂದವರೆದುರೆಲ್ಲ ಹೇಳುತ್ತಾರೆ.

ದಾರಿ ಸಲೀಸಾಗಿ ಇರಲಿಲ್ಲ. ಮಗಳು ಹುಟ್ಟಿದ ಮೇಲೆ ಕೆಲವು ವರ್ಷ ಕೆಲಸ ಬಿಟ್ಟಿದ್ದರು. ಮರಳಿ ಬಂದಾಗ ಕಲಿತದ್ದೆಲ್ಲ ಹಳತಾಗಿತ್ತು. ತನಗಿಂತ ಚಿಕ್ಕವರ ಪಕ್ಕ ಕುಳಿತು ಮೊದಲಿನಿಂದ ಕಲಿತರು. ಹಾಗಾಗಿ ಮೀಟಿಂಗಿನಲ್ಲಿ ಎದುರು ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ. ಒಮ್ಮೆ ಮಾತ್ರ ಆಡಿದರು. ಆ ಒಂದು ಸಲಕ್ಕಾಗಿಯೇ ಈ ಲೇಖನ.

ಈ ವೃತ್ತಿಯಲ್ಲಿ ಒಂದು ರೂಢಿ ಉಂಟು. ಯಾರದ್ದೆಂದು ಗೊತ್ತಿಲ್ಲದ ಹಳೆಯ ಮೆಷಿನ್ ಸಿಕ್ಕಿದರೆ ಅದನ್ನು ಆಫ್ ಮಾಡಿ, ಯಾರು ಬೊಬ್ಬೆ ಹಾಕುತ್ತಾರೆಂದು ಕಾಯುವುದು. ಬೊಬ್ಬೆ ಬಂದರೆ ಮತ್ತೆ ಹಚ್ಚುವುದು, ಬಾರದಿದ್ದರೆ ಪೂರ್ತಿ ಅಳಿಸಿಬಿಡುವುದು. ಕಳೆದ ವರ್ಷ ಇದೇ ಲ್ಯಾಬಿನ ಹಳೆಯ ಮೆಷಿನ್ ಒಂದನ್ನು ಹೀಗೆ ಆಫ್ ಮಾಡಿದರು. ಲ್ಯಾಬಿನ ದಾಖಲೆಯಲ್ಲೂ ಅದರ ಸುದ್ದಿ ಇರಲಿಲ್ಲ. ವಾರಗಳು ಕಳೆದವು, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಅಳಿಸುವ ದಿನ ನಿಗದಿಯಾಯಿತು. ಒಮ್ಮೆ ಅಳಿಸಿದರೆ ಅದರೊಳಗಿದ್ದದ್ದು ಮತ್ತೆ ಯಾರ ಕೈಗೂ ಸಿಗುವುದಿಲ್ಲ.

ಆದರೆ ನೆಟ್‌ವರ್ಕಿನ ದಾಖಲೆ ನೋಡುವಾಗ ರಿಝಾನಾರ ಕಣ್ಣಿಗೆ ಒಂದು ಸಂಗತಿ ಬಿತ್ತು. ಆರಿಹೋದ ಆ ಮೆಷಿನ್ನಿನ ಬಾಗಿಲನ್ನು ದಿನಾ ಬೆಳಿಗ್ಗೆ ಯಾರೋ ಒಂದೇ ಒಂದು ಸಲ ತಟ್ಟುತ್ತಿದ್ದರು, ಅಂದರೆ ತಮ್ಮ ಕಂಪ್ಯೂಟರಿನಿಂದ ಅದನ್ನು ತೆರೆಯಲು ನೋಡುತ್ತಿದ್ದರು. ತೆರೆಯದಿದ್ದರೆ ಸುಮ್ಮನೆ ಹೋಗುತ್ತಿದ್ದರು. ಭಾನುವಾರ ತಟ್ಟು ಇಲ್ಲ. ಹಾಗಾದರೆ ಅದು ತನ್ನಷ್ಟಕ್ಕೆ ಓಡುವ ತಂತ್ರಾಂಶವಲ್ಲ, ಮನುಷ್ಯರೇ ಎಂದು ಅವರಿಗೆ ಖಾತ್ರಿಯಾಯಿತು. ಮೀಟಿಂಗಿನಲ್ಲಿ ತಂಡದ ಮುಖ್ಯಸ್ಥ ಸುಕೇಶ್, ಆ ಮೆಷಿನ್ ಬೇಕಾದವರಾಗಿದ್ದರೆ ಇಷ್ಟರಲ್ಲಿ ಫೋನ್ ಮಾಡುತ್ತಿದ್ದರಲ್ಲ ಎಂದರು. ಅವರದ್ದೂ ತಪ್ಪಲ್ಲ, ರೂಢಿ ಅದೇ.

"ಬೊಬ್ಬೆ ಹಾಕದವರೂ ಇರ್ತಾರಲ್ಲ ಸುಕೇಶ್," ಎಂದರು ರಿಝಾನಾ. ಅಳಿಸುವ ಮೊದಲು ಎರಡು ದಿನ ಕಾಲಾವಕಾಶ ಕೇಳಿ ಪಡೆದರು. ತಟ್ಟುತ್ತಿದ್ದ ಕಂಪ್ಯೂಟರಿನ ವಿಳಾಸದ ಜಾಡು ಹಿಡಿದು ಮರುದಿನ ಕಾರ್ಕಳದ ಬಸ್ಸು ಹತ್ತಿದರು.

ಕಾರ್ಕಳದಲ್ಲಿ ಸಿಕ್ಕಿದ್ದು ಲ್ಯಾಬಿನ ಪುಟ್ಟ ರಕ್ತ ಸಂಗ್ರಹ ಕೇಂದ್ರ. ಅಲ್ಲಿ ಇರುವುದೇ ಒಬ್ಬರು, ಅಪೊಲೋನಿಯಾ ಬಾಯಮ್ಮ. ಉಳಿದ ಶಾಖೆಗಳೆಲ್ಲ ಹೊಸ ವ್ಯವಸ್ಥೆಗೆ ಹೋದಾಗ ಈ ಒಂದು ಕೇಂದ್ರ ಯಾರ ನೆನಪಿಗೂ ಬಂದಿರಲಿಲ್ಲ. ಅಲ್ಲಿನ ಜನರ ಥೈರಾಯ್ಡ್, ಸಕ್ಕರೆ ಕಾಯಿಲೆಯ ಹಳೆಯ ವರದಿಗಳೆಲ್ಲ ಇದ್ದದ್ದು ಆ ಮೆಷಿನ್ನಿನಲ್ಲಿಯೇ. ಪರದೆ ತೆರೆಯುವುದು ನಿಂತ ದಿನದಿಂದ ಬಾಯಮ್ಮ ಕೇಂದ್ರ ಮುಚ್ಚಿದ ಮೇಲೆ ಬಸ್ಸಿನಲ್ಲಿ ಲ್ಯಾಬಿನ ಮಣಿಪಾಲ ಶಾಖೆಗೆ ಹೋಗಿ ಹೊಸ ವರದಿಗಳ ಕಾಗದ ತರುತ್ತಿದ್ದರು. ಹಳೆಯದನ್ನು ಕೇಳಿದವರಿಗೆ, ನಾಳೆ ಬನ್ನಿ ಎನ್ನುತ್ತಿದ್ದರು.

ಒಂದು ಫೋನ್ ಮಾಡಬಾರದಿತ್ತಾ ಎಂದು ರಿಝಾನಾ ಕೇಳಿದರು.

"ಕೇಳಿದರೆ, ಓ, ಈ ಕೇಂದ್ರ ಇನ್ನೂ ಉಂಟಾ, ಮುಚ್ಚಿ ಅಂತ ಹೇಳಿದರೆ? ಹಾಗಾಗಿ ಸುಮ್ಮನಿದ್ದೆ, ಮೇಡಂ. ಆದ್ರೂ ದಿನಾ ಒಮ್ಮೆ ಒತ್ತಿ ನೋಡ್ತಿದ್ದೆ."

ರಿಝಾನಾ ಅಲ್ಲಿಂದಲೇ ಸುಕೇಶರಿಗೆ ಫೋನ್ ಮಾಡಿ, ಅಳಿಸುವುದು ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿದರು. ಸುಕೇಶ್ ಕೂಡಲೇ ಮೆಷಿನ್ ಹಚ್ಚಿಸಿದರು, ಲ್ಯಾಬಿನವರಿಗೂ ವಿಷಯ ತಿಳಿಸಿದರು. ಆ ವಾರವೇ ಕಾರ್ಕಳದ ವರದಿಗಳು ಒಂದೂ ತಪ್ಪದೆ ಕ್ಲಸ್ಟರಿಗೆ ಬಂದವು. ಕೇಂದ್ರ ಮುಚ್ಚುವ ಮಾತನ್ನು ಲ್ಯಾಬಿನಲ್ಲಿ ಯಾರೂ ಎತ್ತಲಿಲ್ಲ. ಈಗ ತಂಡದಲ್ಲಿ ಯಾವ ಮೆಷಿನ್ ಅಳಿಸುವ ಮೊದಲೂ ಅದರ ಬಾಗಿಲು ತಟ್ಟುವವರನ್ನು ಹುಡುಕಿ, ಹೋಗಿ ಮಾತಾಡಿಸಬೇಕು. ಹೊಸದಾಗಿ ಸೇರಿದವರಿಗೆ ಇದು ಸುಕೇಶ್ ಹೇಳುವ ಮೊದಲ ಪಾಠ.

ರಿಝಾನಾರಿಗೆ ಬಿರುದು, ಪದಕ ಯಾವುದೂ ಬಂದಿಲ್ಲ. ಬಂದದ್ದು ಒಂದು ಫೋನ್, ಹೋದ ತಿಂಗಳು. ಆ ಕಡೆಯಿಂದ ಅಪೊಲೋನಿಯಾ ಬಾಯಮ್ಮ, ನಮಸ್ಕಾರವನ್ನೂ ಹೇಳದೆ: "ಎಂತ ರಿಝಾನಾ, ಬೆಳಿಗ್ಗೆಯಿಂದ ನಿಮ್ಮದು ಪರದೆಯಲ್ಲಿ ಬರೀ ಚಕ್ರ ತಿರುಗ್ತಾ ಉಂಟು. ಇಲ್ಲಿ ಜನ ಕಾಯ್ತಿದ್ದಾರೆ. ಬೇಗ ನೋಡಿ."

ದೋಷ ಸಣ್ಣದು, ಅಲ್ಲೇ ಸರಿಹೋಯಿತು. ಆದರೆ ಆ ದಿನವಿಡೀ ರಿಝಾನಾ ಖುಷಿಯಲ್ಲಿದ್ದರು.

"ಬಾಯಮ್ಮ ನನಗೆ ಜೋರು ಮಾಡಿದ್ದು ಅದೇ ಮೊದಲು," ಎನ್ನುತ್ತಾರೆ. "ಇನ್ನು ಅವರಿಗೆ ಹೆದರಿಕೆ ಇಲ್ಲ, ಅಲ್ವಾ?"