ಪುಸ್ತಕಕ್ಕೆ ಮುಟ್ಟದ ಭತ್ತ

ಮನುಷ್ಯನ ಮೂಗಿಗೆ ಇತಿಹಾಸದ ಮೇಲೆ ಅಪಾರ ಗೌರವವಿದೆ ಎಂದು ನಾನು ನಂಬಿದ್ದೇನೆ. ನನ್ನ ಮೂಗಿಗಾದರೆ ವರ್ಷದ ಎಂಟು ತಿಂಗಳು ನೆಗಡಿ. ಆದರೂ ಹೋದ ವಾರ ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಭತ್ತದ ಹುಲ್ಲು ಸುಡುವ ವಾಸನೆ ಒಳಬಂತು; ಅದರೊಂದಿಗೆ ನಮ್ಮ ಭೂಗೋಳದ ಮಾಸ್ತರರೂ ಬಂದರು.

ಶಹಾಪುರದ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವರು ಪಕ್ಕದ ಕೋಣೆಯಲ್ಲಿ ಇಡೀ ರಾಜ್ಯವನ್ನು. ಕರಾವಳಿ, ಮಲೆನಾಡು, ಮೈಸೂರು ಸೀಮೆಗಳನ್ನು ಪುಸ್ತಕ ಹೇಳಿದಂತೆಯೇ ದಾಟಿಸುತ್ತಿದ್ದರು. ಅವನ್ನು ಅವರೂ ಕಂಡಿರಲಿಲ್ಲ. ನಮ್ಮ ಸೀಮೆಯ ಪಾಠ ಬಂದಾಗ ಮಾತ್ರ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಕಾಲುವೆಯ ದಂಡೆಗೆ ಕರೆದೊಯ್ಯುವರು. ಪುಸ್ತಕದ ಪ್ರಕಾರ ನಮ್ಮದಿನ್ನೂ ಮಳೆ ನಂಬಿದ ಜೋಳ, ತೊಗರಿಯ ನಾಡು. ಕೃಷ್ಣೆಯ ನೀರು ಬಂದು, ನಾವು ನೆಲ್ಲು ಎನ್ನುವ ಭತ್ತ ಕಣ್ಣು ಹಾಯುವವರೆಗೂ ನಿಂತ ಸುದ್ದಿ ಅದಕ್ಕೆ ಮುಟ್ಟಿರಲಿಲ್ಲ.

"ಪರೀಕ್ಷಾದಾಗ ಬುಕ್ಕಿನ್ಯಾಗ ಇದ್ದದ್ದ ಬರಸ್ರಿ ಸರ್," ಎಂದೆ ಒಮ್ಮೆ.

"ಕನ್ನಡ ಮಾಸ್ತರ್ರ, ಮಧ್ಯಾಹ್ನ ನೀವು ಉಣ್ಣೋದು ಬುಕ್ಕಿನ್ಯಾಗಿನ ರೊಟ್ಟಿ ಏನ್ರಿ?"

ನನ್ನ ಡಬ್ಬಿಯಲ್ಲಿ ಅನ್ನವಿತ್ತು.

ಆ ವರ್ಷ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಮ್ಮ ಸೀಮೆಯ ಬೆಳೆಗಳನ್ನೇ ಕೇಳಿದರು. ಮಾಸ್ತರರ ನೆಚ್ಚಿನ ವಿದ್ಯಾರ್ಥಿನಿ, ಒಬ್ಬ ಕೂಲಿಕಾರನ ಮಗಳು, ಕಾಲುವೆ, ಭತ್ತ ಎಂದು ಪುಟ ತುಂಬಿಸಿದಳು. ಪಾಸಾದರೆ ಯಾದಗಿರಿಯಲ್ಲಿ ಕಾಲೇಜು, ಇಲ್ಲವಾದರೆ ವಡಗೇರಾದ ವರ. ಮನೆಯವರ ಕರಾರು ಅಷ್ಟೇ. ಉತ್ತರಕ್ಕೆ ಸೊನ್ನೆ ಬಿತ್ತು; ಎರಡೇ ಅಂಕ ಕಡಿಮೆಯಾಗಿ ಹುಡುಗಿ ನಪಾಸಾದಳು.

ಅವಳ ಅಪ್ಪ ಶಾಲೆಗೆ ಬಂದ. ದನಿ ಏರಿಸಲಿಲ್ಲ.

"ಮಾಸ್ತರ್ರ, ದಿನಾ ನೆಲ್ಲಿಗೆ ನೀರ ಬಿಡೋದ ನನ್ನ ಕೆಲಸ್ರಿ. ಅದು ತಪ್ಪು ಹೆಂಗಾತ್ರಿ?"

ರಾಜ್ಯದ ನದಿಗಳೆಲ್ಲ ಎಲ್ಲಿ ಹುಟ್ಟುತ್ತವೆಂದು ಬಲ್ಲ ಮಾಸ್ತರರು ತಲೆ ತಗ್ಗಿಸಿ, "ಮತ್ತೊಮ್ಮೆ ಕೂಡಸೂಣಪಾ. ಈ ಸಲ ಜ್ವಾಳ ಅಂತನ ಬರಸ್ತೀನಿ," ಎಂದರು.

"ಮಾತು ಕೊಟ್ಟು ಬಂದೀನ್ರಿ ವಡಗೇರಾಕ್ಕ," ಎಂದ ಅವನು.

ಮುಂದಿನ ವರ್ಷದಿಂದ ಮಾಸ್ತರರು ಯಾರನ್ನೂ ದಂಡೆಗೆ ಕರೆದೊಯ್ಯಲಿಲ್ಲ. ಜೋಳ, ತೊಗರಿ ಎಂದು ಬಾಯಿಪಾಠ ಮಾಡಿಸಿದರು. ಶಾಲೆಯ ಫಲಿತಾಂಶ ಸುಧಾರಿಸಿತು. ಸಭೆ ಕರೆದು ಅವರಿಗೆ ಶಾಲು ಹೊದಿಸಲಾಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ... ಮಾಸ್ತರರು ನಿವೃತ್ತರಾದ ಎರಡೇ ವರ್ಷಕ್ಕೆ ತೀರಿಕೊಂಡರು.

ಈಗಿನ ಪುಸ್ತಕದಲ್ಲಿ ಕಾಲುವೆಯೂ ಇದೆ, ಭತ್ತವೂ ಇದೆ. ಆ ಹುಡುಗಿ ಮತ್ತೆ ಪರೀಕ್ಷೆಗೆ ಕೂಡಲಿಲ್ಲ.