ಜೋತುಬಿದ್ದ ಹಗ್ಗ

ಸ್ನೇಹಿತರೇ, ನಮ್ಮ ತಾರಸಿಯ ಗೋಡೆಯಲ್ಲಿ ಬಟ್ಟೆ ಹಗ್ಗಕ್ಕೆಂದು ಹೊಡೆದಿದ್ದ ಕೊಕ್ಕೆ ಇವತ್ತು ಮೂರನೇ ಸಲ ಕಿತ್ತು ಬಂತು. ಒದ್ದೆ ಬೆಡ್‌ಶೀಟ್ ಮತ್ತೆ ಧೂಳಿನಲ್ಲಿ ಬಿತ್ತು.

"ಇನ್ನೂ ಬಿಗಿಯಾಗಿ ಕಟ್ಟಬೇಕು," ಎಂದೆ.

"ಟೈಟಾ ಕಟ್ಟಾದೆಮ್ಮಾ," ಬಿಗಿಯಾಗಿ ಕಟ್ಟಬೇಡ ಎಂದಳು ಈ ತಮಿಳು ಊರಲ್ಲೇ ಬೆಳೆದ ಹನ್ನೊಂದನೇ ತರಗತಿಯ ಮಗಳು, ಎಂದಿನಂತೆ ಕನ್ನಡದ ನಡುವೆ ತಮಿಳು ಬೆರೆಸಿ.

"ಸುಮ್ನಿರೇ. ಫಿಸಿಕ್ಸಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ತಗೊಂಡು ನಂಗೆ ಹೇಳ್ತೀಯಾ?"

ಅವಳನ್ನು ಕಾಮರ್ಸ್‌ಗೆ ಬದಲಾಯಿಸಿ ಎಂದು ಶಾಲೆಗೆ ಬರೆದ ಪತ್ರ ನನ್ನ ಚೀಲದಲ್ಲೇ ಇತ್ತು. ಅವಳಿಗೆ ಅದು ಸುತರಾಂ ಇಷ್ಟವಿರಲಿಲ್ಲ.

ಅವಳು ಹಗ್ಗದ ನಡುವೆ ಒಂದು ಲೀಟರ್ ನೀರಿನ ಬಾಟಲಿ ಕಟ್ಟಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು.

"ಈಗ ಹಗ್ಗ ನೇರ ಮಾಡು."

ಎಷ್ಟು ಎಳೆದರೂ ನೇರವಾಗಲಿಲ್ಲ. ನನ್ನ ಅಂಗೈ ಉರಿಯತೊಡಗಿತು.

"ಭಾರಾನ ಮೇಲಕ್ಕೆ ಎಳೀಬೇಕಲ್ವಾ? ನೇರ ಇರೋ ಹಗ್ಗ ಬರೀ ಪಕ್ಕಕ್ಕೆ ಎಳಿಯತ್ತೆ. ಸ್ವಲ್ಪ ಜೋತುಬಿದ್ರೆ ಮೇಲಕ್ಕೂ ಎಳಿಯತ್ತೆ, ಆಗ ಕಡಿಮೆ ಫೋರ್ಸ್ ಸಾಕು. ಪಾವಂ ಅಮ್ಮಾ, ಪಾಪ ಆ ಕೊಕ್ಕೆ."

ಕೊಕ್ಕೆಯನ್ನು ಮತ್ತೆ ಹೊಡೆದು, ಹಗ್ಗವನ್ನು ಅವಳು ಹೇಳಿದಂತೆ ಸಡಿಲವಾಗಿ ಕಟ್ಟಿದೆ. ಬೆಡ್‌ಶೀಟ್ ಒಣಗಿತು, ಕೊಕ್ಕೆ ಅಲುಗಲಿಲ್ಲ. ಪತ್ರ ಹರಿದು ಹಾಕಿದೆ. ಸಂಜೆಯಿಂದ ತಾರಸಿಗೆ ಬಂದವರಿಗೆಲ್ಲ ಆ ಜೋತುಬಿದ್ದ ಹಗ್ಗವನ್ನು ತೋರಿಸಿ, "ನನ್ನ ಮಗಳ ಲೆಕ್ಕಾಚಾರ," ಎನ್ನುತ್ತಿದ್ದೇನೆ.

ಶಾಲೆಯಲ್ಲಿ ಇದೇ ಪಾಠಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಉತ್ತರವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದೆ. ಮೂರು ಸಲ ಕೊಕ್ಕೆ ಕಿತ್ತವಳೂ ನಾನೇ.